ಮೂಲೆಯ ಕಬ್ಬು

ಕೊಯ್ತಾ ಒಂದೇ ಸಾಕು, ಒಬ್ಬಳೇ ಬಾ ಎಂದು ಹೊಲದ ಯಜಮಾನ ಶಾಂತಿನಾಥರು ಹೇಳಿಕಳಿಸಿದ್ದನ್ನು ಕೇಳಿ ಕಾಳವ್ವ ಸಾಣೆಕಲ್ಲಿನ ಮೇಲೆ ಆಡುತ್ತಿದ್ದ ಕೈಯನ್ನು ನಿಲ್ಲಿಸಿದಳು. ಹಂಗಾಮಿನ ಮೊದಲ ದಿನ ಶೇಡಬಾಳದ ಜನತಾ ಪ್ಲಾಟಿನಿಂದ ಹನ್ನೆರಡು ಜೋಡಿ ಒಟ್ಟಿಗೇ ಹೊರಡುವುದು ಇಪ್ಪತ್ತು ವರ್ಷಗಳ ರೂಢಿ. ಗಂಡ ಬುಡಕ್ಕೆ ಕೊಯ್ತಾ ಹಾಕಿ ಕಬ್ಬು ಕಡಿದರೆ ಹೆಂಡತಿ ಸೋಗೆ ಸವರಿ ಕಟ್ಟು ಕಟ್ಟಬೇಕು. ಗಂಡ ತೀರಿಹೋದ ಮೇಲೂ ಕಾಳವ್ವ ಗ್ಯಾಂಗು ಬಿಟ್ಟಿರಲಿಲ್ಲ. ಎರಡೂ ಕೆಲಸ ತಾನೇ ಮಾಡಿ ಒಂದು ಜೋಡಿಯಾಗಿ ನಿಲ್ಲುತ್ತಿದ್ದಳು. ಗ್ಯಾಂಗಿನ ಹಿರೇತನವೂ ಅವಳದೇ ಆಗಿತ್ತು.

"ಐದ ಕಬ್ಬಿಗೆ ಕರದಿರಬೇಕ ಬಿಡಕ್ಕಾ," ಎಂದ ಅವಳ ತಮ್ಮ ಲಗಮಣ್ಣ.

ಪ್ರತಿವರ್ಷ ಪೂಜೆ ಮಾಡಿ ಮೊದಲ ಐದು ಕಬ್ಬು ಕಡಿಸುತ್ತಿದ್ದದ್ದು ಅವಳ ಕೈಯಿಂದಲೇ. ಅವಳ ಕೈಗುಣ ಚಲೋ ಎಂದು ಶಾಂತಿನಾಥರು ಊರೆಲ್ಲ ಹೇಳಿಕೊಂಡು ಬಂದಿದ್ದರು. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಕಾಳವ್ವ ಒಂದು ಗೇಣು ಎತ್ತರವಾಗುತ್ತಿದ್ದಳು. ಪೂಜೆ ಮುಗಿದ ಮೇಲೆ ಹೇಗೂ ಎಲ್ಲರನ್ನೂ ಕರೆಯುತ್ತಾರೆ, ಎರಡೆರಡು ಸಲ ಓಡಾಡುವುದೇಕೆ ಎಂದು ಗ್ಯಾಂಗೆಲ್ಲ ಬುತ್ತಿ ಕಟ್ಟಿಕೊಂಡು ಅವಳ ಹಿಂದೆ ಹೊರಟಿತು.

ಹೊಲದ ಬದುವಿಗೆ ಕಬ್ಬು ಕಡಿಯುವ ಒಂದು ಹೊಸ ಮಷೀನು ನಿಂತಿತ್ತು. ಮನೆಯಷ್ಟು ಎತ್ತರ, ಚೆಂಡುಹೂವಿನ ಮಾಲೆ, ಗಾಲಿಯ ಕೆಳಗೆ ನಿಂಬೆಹಣ್ಣು. ಪೂಜೆ ಆಗಲೇ ಮುಗಿದಿತ್ತು. ಶಾಂತಿನಾಥರ ಮಗ ಸಮ್ಮೇದ ಓಡಿ ಬಂದು, ಮಷೀನು ಬದುವಿನಿಂದ ಹೊಲಕ್ಕಿಳಿದು ತಿರುಗಬೇಕಾದರೆ ಜಾಗ ಬೇಕು, ಈ ಮೂಲೆಯ ಎರಡು ಗುಂಟೆಯನ್ನು ಕೈಯಿಂದಲೇ ಕಡಿದು ಬಿಡಿಸಬೇಕು ಎಂದು ವಿವರಿಸಿದ. ಅಷ್ಟಕ್ಕೆ ಒಬ್ಬಳು ಸಾಕಾಗಿತ್ತು. ಹಿಂದೆ ನಿಂತ ಜನರನ್ನು ಕಂಡು ಅವನಿಗೂ ಮುಜುಗರವಾಯಿತು, ಮೊಬೈಲು ತೆಗೆದು ಸುಮ್ಮನೆ ನೋಡತೊಡಗಿದ.

ಉಳಿದ ಕಬ್ಬು? ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಕಬ್ಬು ಹೊಲದವರದು, ತುದಿಯ ಹಸಿ ಸೋಗೆ ಕಡಿದವರದು. ಈ ಸೀಮೆಯಲ್ಲಿ ಇದನ್ನು ಯಾರೂ ಯಾರಿಗೂ ಬರೆದುಕೊಟ್ಟಿಲ್ಲ, ಯಾರೂ ಮುರಿದೂ ಇಲ್ಲ. ಹಂಗಾಮಿನ ಐದು ತಿಂಗಳು ಪ್ಲಾಟಿನ ಎಮ್ಮೆಗಳು ಬದುಕುವುದು ಆ ಸೋಗೆಯ ಮೇಲೆ, ಮನೆಗಳು ಬದುಕುವುದು ಎಮ್ಮೆಗಳ ಮೇಲೆ. ಮಷೀನು ಸೋಗೆಯನ್ನು ನುಚ್ಚುಮಾಡಿ ಹೊಲದ ತುಂಬ ಚೆಲ್ಲಿ ಹೋಗುತ್ತದೆ. ಕೂಲಿ ಹೋಯಿತು, ಮೇವೂ ಹೋಯಿತು ಎನ್ನುವುದು ಅಲ್ಲಿ ನಿಂತವರಿಗೆಲ್ಲ ಯಾರೂ ಹೇಳದೆ ತಿಳಿದಿತ್ತು.

ಕಾಳವ್ವನಿಗೆ ಮಾತ್ರ ಇನ್ನೊಂದು ತಿಳಿಯತೊಡಗಿತ್ತು. ಅದು ಹೋದ ವರ್ಷದ ಸಭೆಯ ಸಂಗತಿ.

ಕಬ್ಬು ಕಟಾವಿನ ಬಗ್ಗೆ ಸರಕಾರ ಹೊಸ ಧೋರಣೆ ಮಾಡುತ್ತದೆ, ಎಲ್ಲರ ಅಭಿಪ್ರಾಯ ಕೇಳಲು ಕಮಿಟಿ ಕಾಗವಾಡಕ್ಕೆ ಬರುತ್ತದೆ, ಕೂಲಿಕಾರರ ಪರವಾಗಿ ನೀನೇ ಮಾತಾಡಬೇಕು ಎಂದು ಶಾಂತಿನಾಥರೇ ಅವಳನ್ನು ತಮ್ಮ ಗಾಡಿಯಲ್ಲಿ ಕೂರಿಸಿಕೊಂಡು ಹೋಗಿದ್ದರು. ಗ್ಯಾಂಗಿನವರು ರಾತ್ರಿಯೆಲ್ಲ ಕೂತು ಏನೇನು ಕೇಳಬೇಕೆಂದು ಅವಳಿಗೆ ಗಟ್ಟಿಮಾಡಿಸಿದ್ದರು. ಕೈಕಾಲು ಹೋದರೆ ವಿಮೆ, ಹೊಲದಲ್ಲಿ ನೆರಳು ಮತ್ತು ನೀರು, ಟನ್ನಿಗೆ ಸರಕಾರವೇ ಗೊತ್ತುಮಾಡಿದ ದರ, ಸೋಗೆಯ ಹಕ್ಕು ಕಾಗದದ ಮೇಲೆ. ನಾಲ್ಕೇ ನಾಲ್ಕು.

ಸಭೆಯಲ್ಲಿ ಮುಂದಿನ ಸಾಲಿನವರೆಲ್ಲ ಒಬ್ಬರಿಗೊಬ್ಬರು ಗೊತ್ತಿದ್ದವರು. ಕಾರ್ಖಾನೆಯ ಡೈರೆಕ್ಟರುಗಳು, ದೊಡ್ಡ ಹಿಡುವಳಿದಾರರು, ಬ್ಯಾಂಕಿನ ಸಾಹೇಬರು, ಮಷೀನು ಮಾರುವ ಕಂಪನಿಯವನು. ಮಗಳ ಮದುವೆ ಎಲ್ಲಿಗೆ ಬಂತು ಎಂದು ಕಮಿಟಿಯ ದೊಡ್ಡ ಸಾಹೇಬರೇ ಒಬ್ಬ ಡೈರೆಕ್ಟರನ್ನು ವಿಚಾರಿಸಿದರು. ಆಳು ಸಿಗುವುದಿಲ್ಲ, ಸಿಕ್ಕವರು ಸೊಕ್ಕು ಮಾಡುತ್ತಾರೆ ಎಂಬ ಒಂದೇ ಮಾತನ್ನು ಮುಂದಿನ ಸಾಲು ಮೂರು ತಾಸು ಬೇರೆ ಬೇರೆ ಬಾಯಿಂದ ಹೇಳಿತು. ಚಹಾ ಅವರಿಗೆ ಕಪ್ಪುಬಸಿಯಲ್ಲಿ ಬಂತು. ಹಿಂದಿನ ಸಾಲು ಮುಟ್ಟುವ ಹೊತ್ತಿಗೆ ತೀರಿತ್ತು. ಕಾಳವ್ವನ ಪಾಳಿ ಬಂದಾಗ ಹೊರಗೆ ಬಿಸಿಲು ಕೆಂಪಗಾಗಿತ್ತು. ಆ ದಿನ ಕಮಿಟಿಯ ಊಟ ಶಾಂತಿನಾಥರ ಮನೆಯಲ್ಲಿ. ಜೈನರ ಆ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಸಾಹೇಬರು ಗಡಿಯಾರ ನೋಡಿ, ಬೇಗ ಹೇಳಮ್ಮಾ ಎಂದರು.

ಅಲ್ಲೇ ಅವಳು ತಪ್ಪಿದ್ದು. ದೊಡ್ಡವರ ಮುಂದೆ ಹೋದವರು ಬಾಯಿಬಿಟ್ಟ ಕೂಡಲೇ ಕೇಳಬಾರದು, ಮೊದಲು ಕಷ್ಟ ಹೇಳಬೇಕು, ಅವರ ಮನಸ್ಸು ಕರಗಿದ ಮೇಲೆ ಕೇಳಬೇಕು. ಹುಟ್ಟಿದಾಗಿನಿಂದ ಅವಳು ಕಂಡ ರೀತಿ ಅದೊಂದೇ. ಹಾಗಾಗಿ ಅವಳು ಬೆನ್ನುನೋವಿನಿಂದ ಶುರುಮಾಡಿದಳು. ಬಸುರಿಯರು ಕಟ್ಟು ಹೊರುವುದನ್ನು ಹೇಳಿದಳು, ಹಾವು ಕಡಿದು ಸತ್ತವರನ್ನು ಹೇಳಿದಳು. ಶಾಂತಿನಾಥರ ಹೊಲದಲ್ಲೇ ಕೊಯ್ತಾ ತಾಗಿ ಅರ್ಧ ಹೋದ ಉಂಗುರಬೆರಳಿನ ಎಡಗೈಯನ್ನು ಎತ್ತಿ ತೋರಿಸಿದಳು. ಯಾರೋ ಫೋಟೋ ತೆಗೆದರು. ಸಾಹೇಬರ ಕಣ್ಣು ನಿಜವಾಗಿಯೂ ಒದ್ದೆಯಾಯಿತು. ಇನ್ನು ಕೇಳಬೇಕು ಎನ್ನುವಷ್ಟರಲ್ಲಿ ಅವರು ಎದ್ದು ನಿಂತು ಕೈಮುಗಿದರು, ಉಳಿದದ್ದನ್ನು ಬರೆದುಕೊಡಿ ಎಂದರು.

ದಾರಿಯಲ್ಲಿ ಆ ನಾಲ್ಕನ್ನೂ ಅವಳು ಶಾಂತಿನಾಥರಿಗೆ ಹೇಳಿದಳು. ಎಲ್ಲ ಬರೆಯುತ್ತೇನೆ ಎಂದರು ಅವರು. ಎರಡು ದಿನ ಬಿಟ್ಟು ಕಾಗದ ತಂದಾಗ ಅವಳು ಮಹಿಳಾ ಸಂಘದಲ್ಲಿ ಕಲಿತ ಸಹಿಯನ್ನು ಹೆಮ್ಮೆಯಿಂದ ಹಾಕಿದಳು. ಅದರಲ್ಲಿ ಏನಿದೆ ಎಂದು ಓದಿಸಿ ಕೇಳುವುದು ಅವರನ್ನು ಅನುಮಾನಿಸಿದಂತೆ ಎಂದುಕೊಂಡಳು. ನಾಲ್ಕೂ ಬರೆಸಿ ಬಂದೆ ಎಂದು ಗ್ಯಾಂಗಿಗೆ ಹೇಳಿದ್ದಳು. ವರ್ಷವಿಡೀ ಅವರು ಅದನ್ನೇ ನಂಬಿಕೊಂಡಿದ್ದರು.

"ಅಕ್ಕಾ, ಇಲ್ಲಿ ಬಾ," ಎಂದು ಲಗಮಣ್ಣ ಕರೆದ. ಅವನು ಮಷೀನಿನ ಮಗ್ಗುಲಲ್ಲಿ ನಿಂತಿದ್ದ. ಅಲ್ಲಿ ಸರಕಾರದ ಯೋಜನೆಯ ದೊಡ್ಡ ಹಾಳೆ ಅಂಟಿಸಿತ್ತು. ಅರ್ಧ ಬೆಲೆ ಸರಕಾರದ್ದು. ಉಳಿದರ್ಧಕ್ಕೆ ಬ್ಯಾಂಕಿಗೆ ತೋರಿಸಲು ನೀರಾವರಿ ಜಮೀನು ಬೇಕು. ಕಾರ್ಮಿಕರ ಗುಂಪುಗಳೂ ಅರ್ಜಿ ಹಾಕಬಹುದು, ಅವರಿಗೂ ಅಷ್ಟೇ ಜಮೀನು ಬೇಕು. ಮೇಲೆ ದಪ್ಪ ಅಕ್ಷರದಲ್ಲಿ 'ದುಡಿದ ಕೈಗಳಿಗೆ ವಿಶ್ರಾಂತಿ' ಎಂದಿತ್ತು. ಅದರ ಕೆಳಗೆ ಒಂದು ಕೈ. ಮುಖವಿಲ್ಲ, ಹೆಸರಿಲ್ಲ. ಉಂಗುರಬೆರಳು ಅರ್ಧ.

ಲಗಮಣ್ಣ ಅಕ್ಷರಗಳನ್ನು ಕೂಡಿಸಿಕೊಂಡು ಎಲ್ಲರಿಗೂ ಕೇಳುವಂತೆ ಓದಿದ. ಓದುತ್ತ ಓದುತ್ತ ಅವನ ದನಿ ಸಣ್ಣದಾಯಿತು. ಹನ್ನೊಂದು ಜೋಡಿಯ ಕಣ್ಣುಗಳೂ ಆ ಹಾಳೆಯಿಂದ ಕಾಳವ್ವನ ಕೈಗೆ ಬಂದವು.

ಆಗ ಶಾಂತಿನಾಥರು ಬದುವಿನ ಮೇಲೆ ಬಂದರು. ಕಾಳವ್ವ ಅವರೆದುರು ಎಂದೂ ದನಿ ಎತ್ತಿದವಳಲ್ಲ, ಈಗಲೂ ಎತ್ತಲಿಲ್ಲ.

"ಅಣ್ಣಾರ, ನಾ ಹೇಳಿದ್ದ ಏನ್ರಿ, ನೀವ ಬರದದ್ದ ಏನ್ರಿ?"

"ನೀ ಸಭಾದಾಗ ಹೇಳಿದ್ದನ್ನ ಬರದೇನಿ ಕಾಳವ್ವಾ. ಒಂದ ಅಕ್ಷರ ಸುಳ್ಳಿಲ್ಲ. ಇಂಥಾ ಕೆಲಸ ಮನುಷ್ಯಾರ ಮಾಡಬಾರದು ಅಂತ ಸಾಹೇಬ್ರಿಗೆ ತಿಳಿದದ್ದ ನಿನ್ನಿಂದ."

"ಕೇಳಿದ್ದು? ಆ ನಾಕು?"

"ಅವೆಲ್ಲಾ ಬರದ್ರ ಮಷೀನಿನ ಕೆಲಸ ನಿಂತಬಿಡತಿತ್ತು," ಎಂದರು. "ಎಷ್ಟ ದಿನಾ ಅಂತ ಬೆನ್ನ ಮುರಕೋತಿ? ನಿನ್ನ ಒಳ್ಳೇದಕ್ಕೂ ಮಾಡೇನಿ."

ಅವರು ಅದನ್ನು ನಂಬಿಯೇ ಹೇಳಿದರು, ಅದನ್ನೇ ಕಾಳವ್ವನಿಗೆ ತಡೆಯಲಾಗಲಿಲ್ಲ. ಕಳ್ಳನಂತೆ ತಲೆ ತಗ್ಗಿಸಿದ್ದರೆ ನಾಲ್ಕು ಮಾತು ಬೈದು ಹಗುರಾಗಬಹುದಿತ್ತು. ಇಪ್ಪತ್ತು ವರ್ಷ ತನ್ನ ಕೈಯನ್ನು ಹೊಗಳಿದ ಮನುಷ್ಯ ಅದೇ ಕೈಯಿಂದ ತನ್ನವರ ಅನ್ನಕ್ಕೆ ಕಲ್ಲು ಹಾಕಿಸಿದ್ದ.

ಅವಳು ಹಿಂದೆ ತಿರುಗಿದಾಗ ಗ್ಯಾಂಗು ಬುತ್ತಿಗಂಟುಗಳನ್ನು ಎತ್ತಿಕೊಂಡು ಹೊರಟಾಗಿತ್ತು. ಲಗಮಣ್ಣನೂ ನಿಲ್ಲಲಿಲ್ಲ.

ಅವಳೂ ಹೋಗಬಹುದಿತ್ತು. ಆದರೆ ಮನೆಯಲ್ಲಿ ಎಮ್ಮೆ ಬೆಳಗಿನಿಂದ ಬರಿ ಗೂಟ ನೋಡುತ್ತ ನಿಂತಿತ್ತು, ಮತ್ತು ಈ ವರ್ಷ ಈ ಹೊಲದಲ್ಲಿ ಸಿಗುವ ಸೋಗೆ ಈ ಮೂಲೆಯದಷ್ಟೇ. ಸೀರೆಯ ಕಚ್ಚೆ ಬಿಗಿದು ಕಬ್ಬಿಗೆ ಇಳಿದಳು. ಮಧ್ಯಾಹ್ನ ಮಷೀನು ಅವಳು ಬಿಡಿಸಿದ ಜಾಗದಲ್ಲಿ ಸಲೀಸಾಗಿ ತಿರುಗಿ ಹೊಲದೊಳಗೆ ನುಗ್ಗಿತು. ಸಮ್ಮೇದ ಕೂಲಿ ಕೊಡಲು ಬಂದಾಗ ಅವಳು ಅವನ ಮುಖ ನೋಡದೆ ಸೋಗೆಯ ದೊಡ್ಡ ಹೊರೆಯನ್ನಷ್ಟೇ ತಲೆಗೇರಿಸಿಕೊಂಡು ನಡೆದಳು.

ಪ್ಲಾಟಿನಲ್ಲಿ ಎಲ್ಲ ಬಾಗಿಲುಗಳೂ ಮುಚ್ಚಿದ್ದವು. ಕಾಳವ್ವ ಹೊರೆ ಬಿಚ್ಚಿ ಹನ್ನೆರಡು ಪಾಲು ಮಾಡಿ ಕಟ್ಟಿದಳು. ಒಂದನ್ನು ತನ್ನ ಎಮ್ಮೆಗೆ ಹಾಕಿ, ಉಳಿದವನ್ನು ಒಂದೊಂದಾಗಿ ಒಯ್ದು ಹನ್ನೊಂದು ಮನೆಗಳ ಗೂಟದ ಹತ್ತಿರ ಇಟ್ಟು ಬಂದಳು. ಯಾರನ್ನೂ ಕೂಗಲಿಲ್ಲ. ಒಳಗೆ ಬಂದು ಒಲೆ ಹಚ್ಚುವ ಮನಸ್ಸಾಗದೆ ಗೋಡೆಗೆ ಒರಗಿ ಕೂತಳು.

ಹೊತ್ತು ಮುಳುಗುವಾಗ ಹೊರಗೆ ಹೆಜ್ಜೆ ಸಪ್ಪಳವಾಯಿತು. ಒಂದು ಬಂತು, ಹೋಯಿತು. ಸ್ವಲ್ಪ ತಡೆದು ಇನ್ನೊಂದು. ಯಾರೋ ಕರೆಯುತ್ತಾರೆ ಎಂದು ಅವಳು ಕಾದಳು. ಕೊನೆಗೆ ಬಂದ ಹೆಜ್ಜೆ ಲಗಮಣ್ಣನದು ಎಂದು ಗುರುತು ಸಿಕ್ಕಿತು. ಅದೂ ಬಾಗಿಲವರೆಗೆ ಬಂದು, ನಿಂತು, ತಿರುಗಿ ಹೋಯಿತು.

ಅವಳು ಎದ್ದು ಬಾಗಿಲು ತೆರೆದಳು. ಹೊಸ್ತಿಲ ಹೊರಗೆ ಹನ್ನೊಂದು ಪಾಲು ಸೋಗೆ ಒಂದರ ಪಕ್ಕ ಒಂದು ಇದ್ದವು, ಕಟ್ಟಿದ ಕಟ್ಟು ಬಿಚ್ಚಿರಲಿಲ್ಲ. ಅವಳ ಎಮ್ಮೆ ಹಗ್ಗ ಜಗ್ಗಿ ಅವುಗಳತ್ತ ಮೂತಿ ಚಾಚುತ್ತಿತ್ತು.