ನಾಲಿಗೆಯ ಅನ್ವೇಷಣೆ

ನಿಘಂಟಿನ ಕಚೇರಿಯಲ್ಲಿ ಕಿಟಕಿ ಪಕ್ಕದ ಕುರ್ಚಿ ಖಾಲಿಯಾದಾಗಿನಿಂದ ಅವಳಿಗೆ ನೆಮ್ಮದಿ ಇರಲಿಲ್ಲ. ಅದು ಸಹಸಂಪಾದಕರ ಕುರ್ಚಿ. ಅಲ್ಲಿ ಕೂತವರ ಕಣ್ಣು ದಾಟದೆ ಒಂದು ಪದವೂ ಅಚ್ಚಿಗೆ ಹೋಗುವುದಿಲ್ಲ. ವರ್ಷಗಟ್ಟಲೆ ತಲೆ ತಗ್ಗಿಸಿ ಇಂಗ್ಲಿಷ್ ಪದಗಳಿಗೆ ಕನ್ನಡ ಹೊಂದಿಸುತ್ತ ಬಂದವಳು ಅವಳು. ದನಿ ಎತ್ತಿದ್ದನ್ನು ಯಾರೂ ಕೇಳಿರಲಿಲ್ಲವಾದ್ದರಿಂದ ಕಚೇರಿಯವರು ‘ಪಿಸುಮಾತು’ ಎಂದು ಹೆಸರಿಟ್ಟಿದ್ದರು. ಕುರ್ಚಿ ತನಗಲ್ಲದೆ ಇನ್ಯಾರಿಗೆ ಎಂದುಕೊಂಡಿದ್ದಳು. ಅಷ್ಟರಲ್ಲಿ ಗುಂಗುರು ಬಂದಳು.

ಗುಂಗುರು ಎಂದರೆ ಗುಂಗುರು ಕೂದಲಿನ ಹೊಸ ಹುಡುಗಿ. ಬಂದ ವಾರದಲ್ಲೇ ಕರಡು ತಿದ್ದುವ ಅಜ್ಜನನ್ನೂ ನಗಿಸಿಬಿಟ್ಟಿದ್ದಳು. ಆ ಅಜ್ಜ ಪಿಸುಮಾತಿನ ಕಡೆ ನೋಡಿ ನಕ್ಕದ್ದು ಅವಳಿಗೆ ನೆನಪೇ ಇಲ್ಲ.

ಸಂಪಾದಕರು ಇಬ್ಬರಿಗೂ ಒಂದೇ ಪದ ಕೊಟ್ಟರು: ‘ಎಕ್ಸ್‌ಪ್ಲೊರೇಶನ್’.

“ಅನ್ವೇಷಣೆ ಅಂತ ಬರೆದು ಅರ್ಥಾನೂ ಕೊಟ್ಟಿದೀನಿ. ನೀವಿಬ್ರೂ ಒಂದೊಂದು ಅರ್ಥಕ್ಕೂ ಒಂದು ವಾಕ್ಯ ಮಾಡ್ಕೊಂಡು ಬನ್ನಿ. ವಾಕ್ಯ ಓದಿದೋನು ಅರ್ಥದ ಕಡೆ ತಿರುಗೂ ನೋಡಬಾರದು. ಯಾರದ್ದು ನಿಲ್ಲುತ್ತೋ ಅವರಿಗೆ ಕುರ್ಚಿ.”

ಗೊತ್ತಿಲ್ಲದ ನಾಡನ್ನು ಸುತ್ತಿ ತಿಳಿಯುವುದು, ನೆಲದಡಿಯ ಅದಿರು ಹುಡುಕುವುದು, ವಿಷಯವೊಂದರ ಆಳಕ್ಕಿಳಿದು ನೋಡುವುದು. ಈ ಮೂರರಲ್ಲಿ ಇಬ್ಬರೂ ಸಮಸಮ. ಉಳಿದದ್ದು ಕೊನೆಯದು: ಮುಟ್ಟಿ, ತಡಕಿ ತಿಳಿಯುವುದು.

ಚಹಾದ ಹೊತ್ತಿಗೆ ಸಂಪಾದಕರು ಗಟ್ಟಿಯಾಗಿ ಓದಿದರು. ಮೊದಲು ಅವಳದ್ದು. “ವೈದ್ಯರು ಗಾಯದ ಅನ್ವೇಷಣೆ ನಡೆಸಿದರು.” ಎಲ್ಲರೂ ಚಹಾ ಹೀರಿದರು. ಆಮೇಲೆ ಗುಂಗುರುವಿನದು. “ಹಲ್ಲು ಕಿತ್ತ ಜಾಗದಲ್ಲಿ ನಾಲಿಗೆಯ ಅನ್ವೇಷಣೆ ದಿನವಿಡೀ ನಡೆದೇ ಇತ್ತು.”

ಅಜ್ಜನ ಕೆನ್ನೆ ಒಳಗಿನಿಂದ ಉಬ್ಬಿತು. ಸಂಪಾದಕರದ್ದೂ ಉಬ್ಬಿತು. ಮೇಜಿನ ಸುತ್ತ ಒಬ್ಬೊಬ್ಬರ ನಾಲಿಗೆಯೂ ತನ್ನ ತನ್ನ ಹಲ್ಲು ಎಣಿಸಲು ಹೊರಟಿತ್ತು. ಪಿಸುಮಾತಿನ ನಾಲಿಗೆ ಕೂಡ ಅವಳ ಮಾತು ಕೇಳದೆ ಬಲದವಡೆಯ ಮೂಲೆಗೆ ಹೋಗಿ ನಿಂತಿತು. ಸ್ವಂತ ನಾಲಿಗೆಯೇ ವೈರಿಯ ಪಕ್ಷ ಸೇರಿದ ಮೇಲೆ ಇನ್ನು ಯಾರನ್ನು ನಂಬುವುದು? ಹೊಟ್ಟೆಯೊಳಗೆ ಬೆಂಕಿ ಬಿದ್ದ ಹಾಗಾಯಿತು. ಹಲ್ಲು ಕಡಿಯೋಣವೆಂದರೆ ಆ ಕಡೆ ಕಡಿಯಲು ಹಲ್ಲೇ ಇಲ್ಲ; ಹೋದ ವಾರವಷ್ಟೇ ತಲೆನೋವೆಂದು ಸುಳ್ಳು ಹೇಳಿ, ರಜೆ ಹಾಕಿ ಕೀಳಿಸಿಕೊಂಡಿದ್ದಳು.

“ಸರ್,” ಎಂದಳು. ದನಿ ಅವಳಿಗೇ ಜೋರೆನಿಸಿತು. “ಇದು ಇವಳದ್ದಲ್ಲ. ಎಲ್ಲಿಂದಲೋ ಎತ್ತಿದ್ದು.”

“ಅಯ್ಯೋ, ಪಿಸುಮಾತು ಮಾತಾಡ್ತು!” ಎಂದ ಅಜ್ಜ.

ಸಂಪಾದಕರು ಕನ್ನಡಕ ತೆಗೆದರು. “ಎಲ್ಲಿಂದ ಅಂತ ಸಂಜೆಯೊಳಗೆ ತೋರಿಸಮ್ಮ. ತೋರಿಸಿದ್ರೆ ಕುರ್ಚಿ ನಿನಗೆ. ಇಲ್ಲಾಂದ್ರೆ ಅವಳಿಗೆ.”

ಊಟ ಬಿಟ್ಟು ಹುಡುಕಿದಳು. ಕಪಾಟಿನ ಹಳೆಯ ನಿಘಂಟುಗಳನ್ನೆಲ್ಲ ಇಳಿಸಿ, ಧೂಳಿಗೆ ಸೀನುತ್ತ, ಪುಟ ಮಗುಚಿದಳು. ಹಡಗುಗಳು ಸಿಕ್ಕವು, ಗಣಿಗಳು ಸಿಕ್ಕವು. ಹಲ್ಲು ಮಾತ್ರ ಎಲ್ಲೂ ಇರಲಿಲ್ಲ. ಕೊನೆಗೆ ಕೈ ತೊಳೆಯುವ ಜಾಗದಲ್ಲಿ ಗುಂಗುರುವನ್ನೇ ಅಡ್ಡಗಟ್ಟಿದಳು.

“ನಿಜ ಹೇಳು, ಎಲ್ಲಿಂದ ಕದ್ದೆ?”

ಗುಂಗುರುವಿನ ಮುಖ ಕೆಂಪಾಯಿತು. “ಬೈಬೇಡಿ ಅಕ್ಕ. ನಿಮ್ಮಿಂದಾನೇ.”

“ನನ್ನಿಂದ? ನಾನೆಲ್ಲಿ ಬರೆದಿದ್ದೆ?”

“ಬರೆದಿಲ್ಲ. ಹೋದ ವಾರದಿಂದ ನಿಮ್ಮ ನಾಲಿಗೆ ಆ ಕೆನ್ನೆ ಬಿಟ್ಟು ಬಂದಿಲ್ಲ. ‘ಗಾಯ’ ಅಂತ ಬರೀವಾಗಲೂ ಅಲ್ಲೇ ಇತ್ತು. ನಿಮ್ಮ ಥರ ಕೆಲಸ ಮಾಡೋದು ಹೇಗೆ ಅಂತ ದಿನಾ ನಿಮ್ಮನ್ನೇ ನೋಡ್ತಾ ಕೂತಿರ್ತೀನಲ್ಲ, ಕಂಡುಬಿಡ್ತು.”

ಕದ್ದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! ತನ್ನ ಬಾಯೊಳಗೇ ಇದ್ದ ವಾಕ್ಯ, ಅದನ್ನು ಓದಲು ಇನ್ನೊಬ್ಬಳು ಬೇಕಾಯಿತು. ಹೊಟ್ಟೆಯ ಬೆಂಕಿ ಆರಲಿಲ್ಲ, ಇನ್ನಷ್ಟು ಉರಿಯಿತು.

ಸಂಜೆ ಸಂಪಾದಕರು ಕರೆದರು. “ಸಿಕ್ತೇನಮ್ಮ?”

ಯಾವುದೋ ಹಳೆಯ ಪುಸ್ತಕದ ಹೆಸರು ಹೇಳಿ, ಪ್ರತಿ ಕಳೆದುಹೋಗಿದೆ ಎಂದರೆ ಮುಗಿಯಿತು. ಸುಳ್ಳಾಡದವಳೆಂದು ಹೆಸರಾದವಳು, ನಂಬುತ್ತಾರೆ. ಖಾಲಿ ಕುರ್ಚಿ ಅಲ್ಲೇ ಇತ್ತು. ಬಾಯಿ ತೆರೆದಳು. ನಾಲಿಗೆ ಮತ್ತೆ ಅದೇ ಗುಳಿಯತ್ತ ಓಡಿತು. ಇದೊಂದು ಸುಮ್ಮನಿದ್ದಿದ್ದರೆ ಸುಳ್ಳು ಹೊರಟುಬಿಡುತ್ತಿತ್ತೇನೋ.

“ಸಿಕ್ತು ಸರ್.”

“ಎಲ್ಲಿಂದ ಎತ್ತಿದ್ದು?”

ಅವಳು ತನ್ನ ಬಲಗೆನ್ನೆಗೆ ಬೆರಳಿಟ್ಟಳು. “ಇಲ್ಲಿಂದ. ವಾಕ್ಯ ಅವಳದ್ದೇ. ಹಲ್ಲು ಮಾತ್ರ ನಂದು.”

ಅಜ್ಜ ನಕ್ಕ. ಈ ಸಲ ಅವಳ ಕಡೆ ನೋಡಿಯೇ ನಕ್ಕ; ಅದೂ ಈಗ ಬೇಕಿರಲಿಲ್ಲ.

ಗುಂಗುರು ಹಿಗ್ಗಿ ಹೀರೇಕಾಯಿಯಾಗಿ ಕಿಟಕಿ ಪಕ್ಕ ಹೋದಳು. ಆ ಕುರ್ಚಿಯ ಹಿಂದಿನ ಕಾಲೊಂದು ಸಡಿಲ. ಒರಗಿದರೆ ಎದೆ ಧಸಕ್ಕೆನ್ನುತ್ತದೆ. ಅದು ಪಿಸುಮಾತಿಗೆ ಚೆನ್ನಾಗಿ ಗೊತ್ತಿತ್ತು. ಯಾರೂ ಇಲ್ಲದಾಗ ಎಷ್ಟೋ ಸಲ ಕೂತು ನೋಡಿದ್ದಳಲ್ಲ. ಹೇಳಬೇಕು ಎಂದುಕೊಂಡಳು.

ನಾಳೆ ಹೇಳಿದರಾಯಿತು.