ವೀಡ್ ಅಂದರೆ ಕಳೆ

ಅಜ್ಜಂಪುರದ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಡುವ ಮಲ್ಲಿಕಾಂಬ ಮೇಡಂಗೆ ಆ ವರ್ಷ ಒಂದು ಹೆಮ್ಮೆಯಿತ್ತು. ಎಂಟನೇ ಕ್ಲಾಸೆಲ್ಲ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದ ಸಂಘಮಿತ್ರಾ, ಒಂಬತ್ತಕ್ಕೆ ಬಂದ ಮೇಲೆ ಇಂಗ್ಲಿಷಿನಲ್ಲೇ ಮಾತಾಡತೊಡಗಿದ್ದಳು. ಪುಸ್ತಕ ಮುಚ್ಚಿಸಿ, ಮಕ್ಕಳನ್ನು ಕೆರೆ ಏರಿಗೆ ಕರೆದೊಯ್ದು, ಕಂಡ ಹಕ್ಕಿ ಗಿಡಗಳ ಹೆಸರು ಹೇಳಿಸಿದ್ದರ ಫಲ ಅದು. ಪರಿಸರವೂ ಆಯಿತು, ಇಂಗ್ಲಿಷೂ ಆಯಿತು. ನಿಯಮ ಒಂದೇ: ಏರಿ ಹತ್ತಿದ ಮೇಲೆ ಮಕ್ಕಳು ಕನ್ನಡ ಆಡಕೂಡದು.

ಗಾಂಧಿ ಜಯಂತಿಗೆ ಕೆರೆಯಂಚು ಚೊಕ್ಕಟ ಮಾಡುವ ಶ್ರಮದಾನ. ನೀರಂಚಿಗೆ ಒತ್ತಾಗಿ ಹಬ್ಬಿದ್ದ ಗಿಡವೊಂದರ ಫೋಟೊ ತೆಗೆದು ಮೇಡಂ ಇದು ಯಾವ ಗಿಡವೆಂದು ಮೊಬೈಲನ್ನು ಕೇಳಿದರು. ಅದು ಜಾಯ್‌ವೀಡ್ ಅಂದಿತು. ವೀಡ್ ಅಂದರೆ ಕಳೆ. ಹಿಂದಿನ ದಿನ ತಾವೇ ಕಲಿಸಿದ ಪದ. "ಪುಲ್ ಇಟ್ ಔಟ್!" ಎಂದರು. ಮಕ್ಕಳಿಗೆ ಕೀಳುವ ಕೆಲಸ ಕೊಟ್ಟರೆ ಕೇಳಬೇಕೆ?

ಸಂಘಮಿತ್ರಾ ಓಡಿ ಬಂದಳು. "ಮಿಸ್, ದಟ್ ನಾಟ್ ವೀಡ್. ದಟ್ ಈಟ್!"

ಎಲ್ಲರೂ ಘೊಳ್ಳೆಂದು ನಕ್ಕರು. ಮೇಡಂ ಅಕ್ಕರೆಯಿಂದಲೇ ತಿದ್ದಿದರು: "ದಟ್ ಈಸ್ ನಾಟ್ ಎ ವೀಡ್. 'ಈಸ್' ನುಂಗಬಾರದು. ಇನ್ನೊಂದ್ಸಲ ಹೇಳು."

ಹುಡುಗಿ ಮೂರು ಸಲ ತಪ್ಪಿಲ್ಲದೆ ಹೇಳಿದಳು. "ವೆರಿ ಗುಡ್" ಎಂದರು ಮೇಡಂ. ಅಷ್ಟರಲ್ಲಿ ಏರಿಯ ಮೇಲೆ ಕಿತ್ತ ಗಿಡದ ಗುಡ್ಡೆ ಬಿದ್ದಿತ್ತು. ವ್ಯಾಕರಣಕ್ಕೆ ಕೊಟ್ಟ ಕಿವಿಯನ್ನು ಒಂದು ಗಳಿಗೆ ಮಾತಿಗೂ ಕೊಡಬಾರದಿತ್ತೆ!

ಮರುದಿನ ಹುಡುಗಿಯ ಅಜ್ಜಿ ಹಾಲಮ್ಮ ಶಾಲೆಗೆ ಬಂದರು. ಕೆರೆಯಂಚಿನ ಸೊಪ್ಪು ಕಟ್ಟಿ ಸಂತೆಯಲ್ಲಿ ಮಾರುವವರು.

"ಅಲ್ಲ ಮೇಡಮ್ನೋರೇ, ಹೊನಗೊನೆ ಸೊಪ್ಪು ಕಳೆ ಅಂತ ಯಾರು ಹೇಳಿದ್ದು ನಿಮ್ಗೆ? ನಾವು ಚಿಗುರು ಚಿವುಟ್ಕಂಡು ಬುಡ ಬಿಡ್ತೀವಿ. ನೀವು ಬುಡಾನೇ ಕೀಳ್ಸಿದೀರಲ್ಲ!"

ಹೊನಗೊನೆ! ವಾರಕ್ಕೊಮ್ಮೆ ಕೊಂಡು ತಂದು ಪಲ್ಯ ಮಾಡಿ ಉಣ್ಣುತ್ತಿದ್ದ ಸೊಪ್ಪು. ಮೇಡಂ ಅದನ್ನು ಕಟ್ಟಿನಲ್ಲಿ ಕಂಡಿದ್ದರೇ ಹೊರತು ನೀರಂಚಿನಲ್ಲಿ ಕಂಡವರಲ್ಲ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. "ತಪ್ಪಾಯ್ತು ಹಾಲಮ್ಮ" ಎಂದರು.

"ಸೊಪ್ಪು ಬಿಡಿ, ಎಲ್ಲೋ ಒಂದು ಬೇರು ಉಳಿದಿರ್ತದೆ, ಚಿಗುರ್ತದೆ. ಮಗು ನಿಮ್ಗೆ ಹೇಳ್ತಂತಲ್ಲ? ಎಲ್ರೂ ನಕ್ರಂತೆ. ನೆನ್ನೆಯಿಂದ ಸರಿಯಾಗಿ ಉಂಡಿಲ್ಲ ಅದು."

ಮೇಡಂ ಅಂದೇ ನಿಯಮ ತೆಗೆದರು. ಇನ್ನು ಮೇಲೆ ಮೊದಲು ಊರಿನ ಹೆಸರು, ಆಮೇಲೆ ಇಂಗ್ಲಿಷಿನದು. ಮುಂದಿನ ಸಲ ಏರಿಯ ಮೇಲೆ ಮಕ್ಕಳ ಗದ್ದಲವೋ ಗದ್ದಲ. ಮೇಡಂ ಒಂದು ಎಲೆ ಕಿತ್ತುಕೊಂಡು ಸಂಘಮಿತ್ರಾಳ ಪಕ್ಕ ನೆಲದ ಮೇಲೆ ಕೂತರು.

"ಇದೇನೇ ಇದು? ನಂಗೆ ಗೊತ್ತಿಲ್ಲ ಕಣೇ, ನೀನೇ ಹೇಳು." ಅವರಿಗೆ ನಿಜಕ್ಕೂ ಗೊತ್ತಿರಲಿಲ್ಲ.

ಹುಡುಗಿ ಎದ್ದು ನಿಂತು ಕೈಕಟ್ಟಿಕೊಂಡಳು.

"ನೀವು ಏನಂತೀರೋ ಅದೇ, ಮಿಸ್."