ಬಂಡೆಗೆ ಬಿಡುವು

ಗಂಗೆ ಪೂಜೆಯ ಮರುದಿನ, ಮಡಿವಾಳರ ಕೇರಿಯಿಂದ ಯಾರೂ ಹೊಳೆಗೆ ಇಳಿಯದ ದಿನ, ತುಂಗೆಯ ದಡದಲ್ಲಿದ್ದ ಅವರ ಒಗೆಯುವ ಬಂಡೆಗಳನ್ನು ಜೆಸಿಬಿ ತಂದು ಕಿತ್ತರು.

ವರ್ಷಕ್ಕೊಂದು ದಿನ ಬಂಡೆಗೆ ಬಿಡುವು. ಹಿಂದಿನ ಸಂಜೆ ಅರಿಶಿನ ಕುಂಕುಮ ಹಚ್ಚಿ ಬಂದರೆ ಮತ್ತೆ ಆ ಕಡೆ ಯಾರೂ ತಲೆ ಹಾಕುವುದಿಲ್ಲ. ಇದು ಕೇರಿಯೊಳಗಿನ ಮಾತು. ಕಂಟ್ರಾಕ್ಟರಿಗೆ ಹೇಳಿದ್ದು ಯಾರು? ಕೇರಿಯ ಉಚ್ಚಂಗಮ್ಮನ ಎದೆಯಲ್ಲಿ ಆ ಪ್ರಶ್ನೆ ಅಂದಿನಿಂದಲೂ ಕೂತಿತ್ತು.

ಈಗ ಅಲ್ಲಿ ಗಾಜಿನ ಕಟ್ಟಡ, ‘ಕ್ರೂಸ್ ಟರ್ಮಿನಲ್’ ಎಂಬ ಬೋರ್ಡು, ನೀರಿನಲ್ಲಿ ಎರಡಂತಸ್ತಿನ ಬಿಳಿ ಬೋಟು. ಉದ್ಘಾಟನೆ ನಾಳೆ. ಸೂಪರ್‌ವೈಸರ್ ಮಲ್ಲಿಕ್ ಆಟೋ ಕಳಿಸಿ ಅವಳನ್ನು ಕರೆಸಿದ್ದ, ಕಾಫಿ ತರಿಸಿದ್ದ. ಇಷ್ಟು ಮರ್ಯಾದೆ ಯಾಕೋ ಎಂದು ಅವಳು ಲೋಟ ಮುಟ್ಟಲಿಲ್ಲ.

“ನಿಮ್ಮ ಬಂಡೆಗಳನ್ನ ಜೋಪಾನವಾಗಿ ಇಟ್ಟಿದೀವಿ ನೋಡಿ ಅಮ್ಮ.”

ಪ್ರಯಾಣಿಕರು ಕಾಯುವ ಹಾಲ್‌ನಲ್ಲಿ ಬಂಡೆಗಳನ್ನು ಸಿಮೆಂಟಿನ ಮೇಲೆ ಕೂರಿಸಿ ಬೆಂಚು ಮಾಡಿದ್ದರು. ಎಡಗಡೆ ತಗ್ಗಾದದ್ದು ಅವಳದು. ಮದುವೆಯಾಗಿ ಬಂದ ವಾರ ಅತ್ತೆ ಕೈ ಹಿಡಿದು ತೋರಿಸಿ ಒಪ್ಪಿಸಿದ್ದು. ಅದರ ಮೇಲೆ ಈಗ ಯಾರದೋ ಬೂಟಿನ ಗುರುತು.

“ಇದರ ಮೇಲೆ ಕೂತ್ಕೊಳ್ಳಿ. ಒಂದು ಫೋಟೋ, ಗೋಡೆಗೆ ಹಾಕ್ತೀವಿ.”

“ಕೆಳಗೆ ಏನು ಬರೀತೀರಿ?”

“ಮಡಿವಾಳರ ಕೊಡುಗೆ ಅಂತ. ನಿಮಗೇ ಗೌರವ ಅಲ್ವಾ?”

ಬಟ್ಟೆ ಒಗೆಯುವ ಘಟ್ಟ ವಾಪಸ್ ಬೇಕೆಂದು ಕೇರಿಯವರು ಕೊಟ್ಟ ಅರ್ಜಿಯ ವಿಚಾರಣೆ ಇನ್ನೂ ಮುಗಿದಿರಲಿಲ್ಲ. ಆ ಫೋಟೋ ವಿಚಾರಣೆ ಮಾಡುವ ಅಧಿಕಾರಿಯ ಮೇಜಿಗೇ ಹೋಗುತ್ತದೆಂದು ಅವಳಿಗೆ ಹೊಳೆಯಿತು.

“ನಾವು ಕೊಟ್ವಾ, ನೀವು ತಗೊಂಡ್ರಾ?”

ಮಲ್ಲಿಕ್ ನಕ್ಕು ಬಾಗಿಲ ಕಡೆ ನೋಡಿದ. ಅವಳ ಮೈದುನನ ಮಗ ಮುರಳಿ ಒಳಗೆ ಬಂದ. ಮೈಮೇಲೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ಟು; ಬೋಟಿನಲ್ಲಿ ಕೆಲಸ ಸಿಕ್ಕಿತ್ತು.

“ಚೆನ್ನಾಗಿ ಕಾಣ್ತೀಯ ಮಾರಾಯ,” ಎಂದಳು. “ಯಾರು ಮುಳುಗಿದ್ರೂ ನೀನು ಮುಳುಗಲ್ಲ ಬಿಡು.”

“ಸುಮ್ನೆ ಕೂತ್ಕೊ ದೊಡ್ಡಮ್ಮ. ಒಂದು ನಿಮಿಷದ ಕೆಲಸ.”

“ಆವತ್ತು ಬಂಡೆಗೆ ಬಿಡುವು ಅಂತ ಇವರಿಗೆ ಹೇಳಿದ್ದು ಯಾರೋ?”

ಮುರಳಿ ಜಾಕೆಟ್ಟಿನ ಪಟ್ಟಿ ಬಿಚ್ಚಿದ, ಮತ್ತೆ ಹಾಕಿದ.

“ಬೆಳಕು ಹೋಗ್ತಿದೆ, ಕೂತ್ಕೊಳ್ಳಿ ಅಮ್ಮ,” ಎಂದ ಮೂಲೆಯಲ್ಲಿ ಕಾಯುತ್ತಿದ್ದ ಕ್ಯಾಮೆರಾದವನು.

“ಕೂರಲ್ಲ.”

ಅವಳು ಬಗ್ಗಿ ಬೂಟಿನ ಗುರುತನ್ನು ಸೆರಗಿನಿಂದ ಒರೆಸಿದಳು. ಎಡಗಡೆಯ ತಗ್ಗನ್ನೂ ಒರೆಸಿದಳು. ಸೆರಗಿನ ಅಂಚಿಗೆ ಅಂದಿನ ಪೂಜೆಯ ಅರಿಶಿನ ಹತ್ತಿತು.